ಎರಡು ಸಲ ಒತ್ತಿದರೆ ಗೊತ್ತಾಯ್ತು ಅಂತ

ಪೆಟ್ಟಿಗೆಯೊಳಗೆ ಅವಳ ಕೈಯನ್ನು ಯಾರೋ ಹಿಡಿದುಕೊಂಡರು!

ಬೆಳಗಿನ ಏಳೂವರೆ. ಶಾಲೆಯಲ್ಲಿ ನರಪಿಳ್ಳೆಯೂ ಇಲ್ಲ. ಒಂದನೇ ತರಗತಿಗೆ ಹೊಸದಾಗಿ ಬಂದ ಟೀಚರ್ ಅವಳು. ಮೊದಲ ದಿನ ತಡವಾಗಬಾರದು ಅಂತ ಹೆದರಿ, ಗೇಟಿನ ಬೀಗ ತೆಗೆಯುವ ಹೊತ್ತಿಗೇ ಬಂದು ನಿಂತವಳು.

ಕೋಣೆಯ ಹಿಂಬದಿಗೆ ಹಲಗೆಯ ಅಡ್ಡಗೋಡೆ ಇತ್ತು. ಅದರ ಆಚೆ ಸಾಮಾನಿನ ಕೋಣೆ. ಆ ಹಲಗೆಗಳ ನಡುವೆ ಮಕ್ಕಳ ಎದೆಯೆತ್ತರಕ್ಕೆ ಒಂದು ಮರದ ಪೆಟ್ಟಿಗೆ ಕೂರಿಸಿದ್ದರು. ಪೆಟ್ಟಿಗೆಗೆ ದುಂಡನೆಯ ಒಂದು ತೂತು, ತೂತಿಗೆ ಕಪ್ಪು ಬಟ್ಟೆಯ ತೋಳು. ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: 'ಮುಟ್ಟಿ ಹೇಳು.'

ಮುಟ್ಟು ಅಂದರೆ ಯಾರಿಗೆ ತಾನೇ ಸುಮ್ಮನಿರಲು ಆಗುತ್ತೆ? ಮೊಣಕೈವರೆಗೂ ಕೈ ತೂರಿಸಿದಳು.

ಮೊದಲು ಬರೀ ಕತ್ತಲು. ಆಮೇಲೆ ತಣ್ಣಗೆ... ಬೆರಳು!

ಐದು ಬೆರಳು ಅವಳ ಅಂಗೈಯನ್ನು ಮೆಲ್ಲಗೆ ಸುತ್ತಿಕೊಂಡವು. ಒಂದು ಸಲ ಒತ್ತಿದವು. ಇನ್ನೊಂದು ಸಲ ಒತ್ತಿದವು.

ಅವಳು ಕಿರುಚಿದಳು ನೋಡಿ! ಆ ಕಿರುಚಾಟಕ್ಕೆ ಶಾಲೆಯ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹೋದವು. ನಾಲ್ಕು ದಿನ ವಾಪಸ್ ಬರಲಿಲ್ಲವಂತೆ. ಎರಡು ಬೀದಿ ಆಚೆ ಕ್ಷೌರದವನ ಕತ್ತರಿ ಜಾರಿ ಯಾರದೋ ಅರ್ಧ ಮೀಸೆಯೇ ಹೋಯಿತಂತೆ. ನಾನೇನೂ ಆ ಮೀಸೆ ಕಂಡಿಲ್ಲ, ಹೇಳಿದವರು ಹೇಳಿದ್ದು.

ಆದರೆ ಹಲಗೆಯ ಆಚೆಯಿಂದ ಅಷ್ಟೇ ಜೋರಾಗಿ ಇನ್ನೊಂದು ಕಿರುಚಾಟ ಕೇಳಿತು. ಅದು ಗಂಡಸಿನ ದನಿ! ಆಮೇಲೆ ಡಬ್ಬ ಬಿದ್ದ ಸದ್ದು, ಮೊಳೆ ಚೆಲ್ಲಾಡಿದ ಸದ್ದು.

ಸಾಮಾನಿನ ಕೋಣೆಯ ಬಾಗಿಲು ತೆರೆಯಿತು. ತಲೆ, ಹುಬ್ಬು, ರೆಪ್ಪೆಯ ಮೇಲೆಲ್ಲ ಮರದ ಹೊಟ್ಟು ಮೆತ್ತಿಕೊಂಡ ಒಬ್ಬ ಯುವಕ ನಿಂತಿದ್ದ. ಕೈಯಲ್ಲಿ ಮರ ಉಜ್ಜುವ ಒಂದು ತುಂಡು ಉಪ್ಪು ಕಾಗದ.

"ಯಾ... ಯಾರು ನೀವು?" ಅವಳು ಗೋಡೆಗೆ ಅಂಟಿಕೊಂಡೇ ಕೇಳಿದಳು.

"ಬಡಗಿ. ಆಚೆ ಕಡೆಯಿಂದಲೂ ಒಂದು ತೂತಿದೆ ಮಿಸ್. ಒಳಗೆ ಸಿಬಿರೆದ್ದಿತ್ತು, ಮಕ್ಕಳ ಕೈಗೆ ಚುಚ್ಚುತ್ತೆ ಅಂತ ಉಜ್ತಾ ಇದ್ದೆ. ನೀವು?"

"ಹೊಸ ಟೀಚರ್."

ಅವನ ಮುಖ ಒಂದು ಗಳಿಗೆ ಬಾಡಿತು. 'ಹೊಸ' ಅನ್ನುವ ಮಾತು ಅವನಿಗೆ ಎಲ್ಲೋ ಚುಚ್ಚಿದ ಹಾಗೆ.

"ಒಳ್ಳೇದು" ಅಂದ. ಮೊಳೆಗಳನ್ನು ಆರಿಸಿ ಡಬ್ಬಕ್ಕೆ ತುಂಬಿಕೊಂಡು, ಹಿಂಬಾಗಿಲಿನಿಂದ ಹೊರಟೇ ಹೋದ. ಹೋಗುವ ಮೊದಲು ಒಂದೇ ಒಂದು ಸಲ ತಿರುಗಿ ಅವಳ ಕೈಯನ್ನು ನೋಡಿದ. ಮುಖವನ್ನಲ್ಲ... ಕೈಯನ್ನು!

'ಗುರುತಿಲ್ಲದ ಹೆಂಗಸಿನ ಕೈ ಎರಡು ಸಲ ಒತ್ತೋದಾ? ಎಷ್ಟು ಧೈರ್ಯ!' ಅಂತ ಅವಳಿಗೆ ಸಿಟ್ಟು ಬಂತು.

ಸಿಟ್ಟು ಬಂತು ಅಂದೆನಲ್ಲ... ಪೂರ್ತಿ ಸಿಟ್ಟೇ ಅಲ್ಲ. ಅಂಗೈ ಮಾತ್ರ ಸಂಜೆವರೆಗೂ ಜುಮ್ಮೆನ್ನುತ್ತಿತ್ತು.

ಗಂಟೆ ಹೊಡೆಯುವ, ನೆಲ ಗುಡಿಸುವ, ಮಕ್ಕಳ ಮೂಗೊರೆಸುವ ಆಯಾ ಬಂದು ಸುದ್ದಿ ಹೇಳಿದಳು.

"ಅವನಾ? ಹಳೇ ಮಿಸ್ಸಿನ ತಮ್ಮ ಕಣವ್ವಾ. ಹಿಂದಿನ ಬೀದೀಲೇ ಅವನ ಅಂಗಡಿ. ಅಪ್ಪ ಅಮ್ಮ ಇಲ್ಲದ ಹುಡುಗನ್ನ ಅಕ್ಕನೇ ಎತ್ತಿ ಆಡಿಸಿ ದೊಡ್ಡೋನ್ನ ಮಾಡಿದ್ದು. ಈ ಪೆಟ್ಟಿಗೆ, ಆ ಮಣಿ ಚೌಕಟ್ಟು, ಈ ಅಕ್ಷರದ ಹಲಗೆ, ಎಲ್ಲಾ ಅಕ್ಕ ಹೇಳಿದ್ದು, ಇವನು ಮಾಡಿದ್ದು."

"ಹಳೇ ಮಿಸ್ ಈಗ...?"

"ಹೋಗಿ ಮೂರು ತಿಂಗಳಾಯ್ತು ತಾಯಿ. ಕಾಯಿಲೆ." ಆಯಾ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಆ ಕುರ್ಚಿ ಮೇಲೆ ಮಾತ್ರ ಕೂರಬೇಡ. ಮಕ್ಕಳು ಬಿಡಲ್ಲ."

ಒಂಬತ್ತು ಗಂಟೆಗೆ ಮಕ್ಕಳು ಬಂದರು. ಇಪ್ಪತ್ತೆರಡು ಪುಟಾಣಿಗಳು. ಒಬ್ಬರೂ ಹೊಸ ಮಿಸ್ಸಿನ ಮುಖ ನೋಡಲಿಲ್ಲ. ಚೀಲ ಇಟ್ಟವರೇ ಸೀದಾ ಪೆಟ್ಟಿಗೆಯ ಮುಂದೆ ಸಾಲು ನಿಂತರು. ಅಷ್ಟು ಚೆಂದದ ಸಾಲನ್ನು ಅವಳು ಯಾವ ಶಾಲೆಯಲ್ಲೂ ಕಂಡಿರಲಿಲ್ಲ. ತಳ್ಳಾಟವಿಲ್ಲ, ಚಿವುಟಾಟವಿಲ್ಲ... ಉಸಿರಿನ ಸದ್ದು ಕೂಡ ಇಲ್ಲ.

ಒಬ್ಬೊಬ್ಬರೇ ಕೈ ಹಾಕಿ, ತೂತಿಗೆ ಬಾಯಿ ಹಚ್ಚಿ ಪಿಸುಗುಟ್ಟಿದರು.

"ಗುಡ್ ಮಾರ್ನಿಂಗ್ ಹಳೇ ಮಿಸ್."

"ಹಳೇ ಮಿಸ್, ನನ್ನ ಹಲ್ಲು ಬಿತ್ತು."

"ಹಳೇ ಮಿಸ್, ನಮ್ಮ ಅಮ್ಮ ನಿನ್ನೆ ನನಗೆ ಹೊಡೆದ್ಲು. ನೀವು ಅಮ್ಮನಿಗೆ ಹೊಡೀರಿ."

ಹೊಸ ಮಿಸ್ಸಿನ ಬೆನ್ನಮೂಳೆಯ ಮೇಲೆ ಯಾರೋ ಮಂಜಿನ ಗಡ್ಡೆ ಎಳೆದ ಹಾಗಾಯಿತು.

ಕೊನೆಗೆ ಗದ್ದದ ಮೇಲೆ ಮಚ್ಚೆ ಇದ್ದ ಒಂದು ಹುಡುಗಿ ಪೆಟ್ಟಿಗೆಯಿಂದ ಉಣ್ಣೆಯ ಉಂಡೆಯೊಂದನ್ನು ಹೊರಗೆಳೆದಳು. ಅವಳನ್ನು ಎಲ್ಲರೂ ಚುಕ್ಕಿ ಅಂತಲೇ ಕರೆಯುತ್ತಿದ್ದರು.

"ಮೆತ್ತಗೆ! ಬೆಚ್ಚಗೆ! ದುಂಡಗೆ!" ಮಕ್ಕಳು ಕೂಗಿದರು.

"ಇದನ್ನ ಯಾರು ಇಟ್ಟಿದ್ದು?" ಹೊಸ ಮಿಸ್ ಕೇಳಿದಳು.

"ಹಳೇ ಮಿಸ್" ಅಂದಳು ಚುಕ್ಕಿ, ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ. "ದಿನಾ ಒಂದು ಇಡ್ತಾರೆ."

"ಪುಟ್ಟಾ... ಹಳೇ ಮಿಸ್ ಎಲ್ಲಿದಾರೆ?"

"ಒಳಗೆ."

"ಯಾರು ಹೇಳಿದ್ರು?"

ಚುಕ್ಕಿ ಬೆರಳು ಮಡಿಸಿ ಲೆಕ್ಕ ಒಪ್ಪಿಸಿದಳು. "ಹೆಡ್ ಮಿಸ್ ಹೇಳಿದ್ರು, ಹಳೇ ಮಿಸ್ ಇನ್ಮೇಲೆ ಕಣ್ಣಿಗೆ ಕಾಣಲ್ಲ ಅಂತ. ಒಂದು. ಹಳೇ ಮಿಸ್ ಹೇಳಿದ್ರು, ಕಣ್ಣಿಗೆ ಕಾಣದೇ ಇರೋದು ಪೆಟ್ಟಿಗೇಲಿ ಕೈಗೆ ಸಿಗುತ್ತೆ ಅಂತ. ಎರಡು. ಅದಕ್ಕೇ ಒಳಗಿದಾರೆ. ನನ್ನ ಕೈ ಹಿಡಿದಿದಾರೆ, ಗೊತ್ತಾ?"

ಹೊಸ ಮಿಸ್ ತನ್ನ ಅಂಗೈಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

ಆಟದ ನಿಯಮವನ್ನೂ ಚುಕ್ಕಿಯೇ ಹೇಳಿಕೊಟ್ಟಳು. ಈಚೆ ಒಬ್ಬರು, ಆಚೆ ಒಬ್ಬರು ಕೈ ಹಾಕಬೇಕು. ಒಳಗಿನ ವಸ್ತು ಯಾವುದು ಅಂತ ಮೊದಲು ತಿಳಿದವರು ಬಾಯಿ ಬಿಡದೆ ಇನ್ನೊಬ್ಬರ ಕೈಯನ್ನು ಒತ್ತಬೇಕು.

"ಎರಡು ಸಲ ಒತ್ತಿದರೆ ಗೊತ್ತಾಯ್ತು ಅಂತ."

ಎರಡು ಸಲ... ಅವಳು ಸೆರಗಿನಿಂದ ಅಂಗೈ ಹೊರಗೆ ತೆಗೆದು ನೋಡಿಕೊಂಡಳು. 'ಹಾಗಾದ್ರೆ ಆ ಬಡಗಿಗೆ ನನ್ನ ಬಗ್ಗೆ ಏನು ಗೊತ್ತಾಯ್ತು?'

ದಿನಗಳು ಹೋದವು. ದಿನಾ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಒಂದು ವಸ್ತು. ಒಂದು ದಿನ ಚಮಚ. ಒಂದು ದಿನ ಒಣಗಿದ ಎಲೆ. ಒಂದು ದಿನ ಹೊಳೆಯ ನುಣುಪುಗಲ್ಲು. ಮೊದಲ ದಿನದ ಆ ಕಿರುಚಾಟದ ಮೇಲೆ ಸಾಮಾನಿನ ಕೋಣೆಗೆ ತರಗತಿಯ ಕಡೆಯಿಂದ ಬೀಗ ಬಿದ್ದಿತ್ತು. ಕೀಲಿ ಆಯಾಳ ಸೊಂಟದಲ್ಲಿ.

"ನೀನಾ ಇಡೋದು?" ಅಂತ ಕೇಳಿದರೆ ಆಯಾ, "ನಂಗೆ ನನ್ನ ಕನ್ನಡಕ ಎಲ್ಲಿಟ್ಟೆ ಅನ್ನೋದೇ ನೆನಪಿರಲ್ಲ ತಾಯಿ" ಅಂದಳು. ಕನ್ನಡಕ ತಲೆಯ ಮೇಲೇ ಇತ್ತು.

ಹೊಸ ಮಿಸ್ ಕಡ್ಡಿ ಎಣಿಸಲು ಕಲಿಸಿದಳು, ಹತ್ತರ ಕಟ್ಟು ಕಟ್ಟಿಸಿದಳು. ಜೇಡಿಮಣ್ಣಿನಲ್ಲಿ ಅಕ್ಷರ ಮಾಡಿಸಿದಳು. ಎಲೆಗೆ ಬಣ್ಣ ಬಳಿದು ಅಚ್ಚು ಒತ್ತಿಸಿದಳು. ಮಕ್ಕಳು ಮಾಡಿದರು. ಮಾಡಿದ್ದನ್ನೆಲ್ಲ ಮೊದಲು ಪೆಟ್ಟಿಗೆಗೆ ತೋರಿಸಿ, ಆಮೇಲೆ ಇವಳಿಗೆ ತೋರಿಸಿದರು. ಒಮ್ಮೊಮ್ಮೆ ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿರುವಾಗ ಆ ಖಾಲಿ ಕುರ್ಚಿ ತಾನಾಗಿ ಕಿರ್ ಅನ್ನುತ್ತಿತ್ತು. ಇಪ್ಪತ್ತೆರಡು ತಲೆಗಳೂ ಒಟ್ಟಿಗೆ ಎದ್ದು ಆ ಕಡೆ ನೋಡಿ, ನಕ್ಕು, ಮತ್ತೆ ಬಗ್ಗುತ್ತಿದ್ದವು!

ಆ ನಗುವಿಗೇ ಅವಳಿಗೆ ಹೆಚ್ಚು ಹೆದರಿಕೆ.

ಮಧ್ಯಾಹ್ನ ಬಡಗಿ ಬರುತ್ತಿದ್ದ. ಕಾಲು ಮುರಿದ ಬೆಂಚು, ಕಿತ್ತುಹೋದ ಕೀಲು... ಆ ಶಾಲೆಯಲ್ಲಿ ಬೆಂಚುಗಳು ಮುರಿಯುವ ವೇಗವೂ ಯಾಕೋ ಜಾಸ್ತಿಯಾಯಿತು. ನಿನ್ನೆ ರಿಪೇರಿಯಾದ ಬೆಂಚೇ ಇವತ್ತು ಮತ್ತೆ ಕುಂಟುತ್ತಿತ್ತು. ಯಾಕೆ ಅಂತ ಬೆಂಚನ್ನೇ ಕೇಳಬೇಕು.

ಒಂದು ದಿನ ಅವನು ಒಂದು ಸಣ್ಣ ಮಣೆ ತಂದು ಅವಳ ಮುಂದಿಟ್ಟ.

"ಏನಿದು?"

"ಕೂರೋಕೆ. ಆ ಕುರ್ಚೀಲಿ ನೀವು ಕೂರಲ್ಲ. ಇಡೀ ದಿನ ನಿಂತೇ ಇರ್ತೀರಿ, ಕೊಕ್ಕರೆ ಥರ."

"ಕೊಕ್ಕರೆನಾ ನಾನು?"

"ಚೆನ್ನಾಗಿರೋ ಕೊಕ್ಕರೆ."

ಅವಳಿಗೆ ನಗು ತಡೆಯಲು ಆಗಲಿಲ್ಲ. ಅವನೂ ನಕ್ಕ. ಹಣೆಯ ಮೇಲಿನ ಹೊಟ್ಟು ಉದುರಿತು. ಮಣೆ ಕೊಡುವಾಗ ಅವನ ಬೆರಳು ತಗುಲಿತು. ಒರಟು, ಕಾವಲಿಯ ಹಾಗೆ ಬಿಸಿ.

'ಆವತ್ತು ತಣ್ಣಗಿತ್ತಲ್ಲ... ಬೆಳಗಿನ ಚಳಿಗೆ ಇರಬೇಕು' ಅಂದುಕೊಂಡಳು.

ಆ ಎರಡು ಒತ್ತಿನ ಮಾತನ್ನು ಅವಳು ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಆದರೆ ಇಬ್ಬರ ಕಣ್ಣಲ್ಲೂ ಒಂದೇ ಪ್ರಶ್ನೆ ಬಂದು ಬಂದು ಹೋಗುತ್ತಿತ್ತು.

ಎಲ್ಲಾ ಕೆಟ್ಟಿದ್ದು ಒಂದು ಗುರುವಾರ ಬೆಳಿಗ್ಗೆ.

ಚುಕ್ಕಿಯ ಅಮ್ಮನಿಗೆ ಬೆಳಗಿನ ಪಾಳಿಯ ಕೆಲಸ, ಹಾಗಾಗಿ ಮಗಳನ್ನು ಬೇಗನೆ ಬಿಟ್ಟು ಹೋಗುತ್ತಿದ್ದಳು. ಹೊಸ ಮಿಸ್ ಕೋಣೆಯ ಬಾಗಿಲಿಗೆ ಬಂದಾಗ ಆ ಮಗು ಪೆಟ್ಟಿಗೆಗೆ ಕೆನ್ನೆ ಆನಿಸಿ, ಭುಜದವರೆಗೂ ಕೈ ತೂರಿಸಿ ನಿಂತಿತ್ತು.

"ಹಳೇ ಮಿಸ್, ಯಾವಾಗ ಹೊರಗೆ ಬರ್ತೀರಾ? ನಾನು 'ಳ' ಬರೆಯೋದು ಕಲಿತಿಲ್ಲ. ಹೊಸ ಮಿಸ್ ಕಲಿಸಿದ್ರು, ನಾನು ಬೇಕಂತಲೇ ತಪ್ಪು ಬರೆದೆ. ನೀವೇ ಕಲಿಸಬೇಕು. ನಾನು ಕಾಯ್ತೀನಿ."

ಆಮೇಲೆ ಮಗುವಿನ ಮುಖ ಅರಳಿತು. "ಹಿಡ್ಕೊಂಡ್ರಿ!"

ಮರುಕ್ಷಣ ಹೊಸ ಮಿಸ್ ಅಂಗಳ ಸುತ್ತಿ, ಹಿಂದಿನ ಬೀದಿಗೆ ಓಡಿದಳು. ಸಾಮಾನಿನ ಕೋಣೆಯ ಹಿಂಬಾಗಿಲು ಅರ್ಧ ತೆರೆದಿತ್ತು.

ಒಳಗೆ ಬಡಗಿ ಮಂಡಿಯೂರಿ ಕೂತಿದ್ದ. ಬಲಗೈ ಪೆಟ್ಟಿಗೆಯೊಳಗೆ. ಎಡಗೈಯಲ್ಲಿ ಒಂದು ಹಳೆಯ ನೋಟ್ ಪುಸ್ತಕ. ಕೆನ್ನೆ ಒದ್ದೆ.

ಚುಕ್ಕಿ ಕೈ ಬಿಡಿಸಿಕೊಂಡು ಕುಣಿಯುತ್ತ ಆಟದ ಬಯಲಿಗೆ ಓಡಿದ ಸದ್ದು ಕೇಳುವವರೆಗೂ ಅವಳು ಕಾದಳು.

"ನೀವಾ...? ಇಷ್ಟು ದಿನವೂ ನೀವಾ?"

ಅವನು ಎದ್ದು ನಿಂತ.

"ಅದು ಆರು ವರ್ಷದ ಮಗು! ಸತ್ತವರು ಕೈ ಹಿಡೀತಾರೆ ಅಂತ ನಂಬಿಸ್ತಿದೀರಾ? ಯಾಕೆ?"

"ನಾನು ಯಾರನ್ನೂ ನಂಬಿಸಲಿಲ್ಲ ಮಿಸ್. ಅಕ್ಕ ಹೋಗಿ ಹತ್ತು ದಿನ ಆಗಿತ್ತು. ಪೆಟ್ಟಿಗೆ ಬಿಚ್ಚಿ ಒಯ್ಯೋಣ ಅಂತ ಬಂದೆ. ಮೊಳೆ ಎಲ್ಲಿದೆ ಅಂತ ಒಳಗೆ ಕೈ ಹಾಕಿದೆ. ಆ ಕಡೆಯಿಂದ ಒಂದು ಪುಟ್ಟ ಕೈ ಬಂತು. 'ಮಿಸ್, ನೀವಾ?' ಅಂತು. ಕೈ ಎಳ್ಕೊಳ್ಳೋದಾ? ನೀವೇ ಹೇಳಿ! ಹೇಗೆ ಎಳ್ಕೊಳ್ಳಲಿ?"

"ಅವತ್ತು ಸರಿ. ಮಾರನೇ ದಿನ? ಅದರ ಮಾರನೇ ದಿನ?"

"ಅಕ್ಕ ಇಡೀ ವರ್ಷಕ್ಕೆ ಬರೆದಿಟ್ಟಿದ್ಲು, ಯಾವ ದಿನ ಪೆಟ್ಟಿಗೇಲಿ ಏನಿಡಬೇಕು ಅಂತ. ನಾನು ಅದೇ ಇಡ್ತಿದೀನಿ, ಅಷ್ಟೇ. ಹೀಗೆ ಇಡ್ತಾ ಇದ್ರೆ... ಅವಳು ಕೆಲಸಕ್ಕೆ ಬಂದಿದಾಳೆ ಅಂತ ನನಗೂ ಅನ್ಸುತ್ತೆ."

ಅವನ ದನಿ ಒಡೆಯಿತು. ಅವಳ ಎದೆಯೂ ಒಡೆಯಿತು. ಆದರೂ ಅವಳು ಕರಗಲಿಲ್ಲ. ಯಾಕೆ ಅಂದರೆ, ಅವಳೂ ಒಂದು ಕಾಲಕ್ಕೆ ಚುಕ್ಕಿಯೇ ಆಗಿದ್ದಳು.

"ನನಗೆ ಆರು ವರ್ಷ ಇದ್ದಾಗ ಅಮ್ಮ ಹೋದ್ಲು" ಅಂದಳು. "ಅತ್ತೆ ಹೇಳಿದ್ರು, ಅಮ್ಮ ಊರಿಗೆ ಹೋಗಿದಾಳೆ, ಬರ್ತಾಳೆ ಅಂತ. ನಾನು ಕಿಟಕಿ ಹತ್ರ ಕೂತೆ. ಎಷ್ಟು ದಿನ ಗೊತ್ತಾ? ಎರಡು ವರ್ಷ! ಕೊನೆಗೆ ಯಾರೋ ಜಗಳದಲ್ಲಿ ಬಾಯಿ ತಪ್ಪಿ ಅಂದುಬಿಟ್ರು. ಅಮ್ಮ ಸತ್ತಿದ್ದಕ್ಕಿಂತ ನನಗೆ ಆ ಎರಡು ವರ್ಷವೇ ಇವತ್ತಿಗೂ ಉರಿಯುತ್ತೆ. ಚುಕ್ಕಿ ಹಾಗೆ ಕಾಯಬಾರದು. ನಾಳೆಯಿಂದ ಇದು ನಿಲ್ಲಬೇಕು."

ಅವನು ನೋಟ್ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಮೊದಲ ದಿನವೇ ನಿಮಗೆ ಎಲ್ಲಾ ಅರ್ಥ ಆಗಿದೆ ಅಂದ್ಕೊಂಡಿದ್ದೆ" ಅಂದ. "ತಪ್ಪು ತಿಳ್ಕೊಂಡೆ. ನಿಮಗೆ ಬೇಕಾಗಿರೋದು ಅಕ್ಕನ ಗುರುತೇ ಇಲ್ಲದ ಕೋಣೆ. ತಗೊಳ್ಳಿ. ಇನ್ನು ನಾನು ಬರಲ್ಲ."

"ನಾನು ಹಾಗೆ ಹೇಳಲಿಲ್ಲ..."

ಹಿಂಬಾಗಿಲು ಮುಚ್ಚಿಕೊಂಡಿತು.

ಶುಕ್ರವಾರ ಪೆಟ್ಟಿಗೆ ಖಾಲಿ.

ಚುಕ್ಕಿ ಕೈ ಹಾಕಿದಳು. ಮೂಲೆ ಮೂಲೆ ತಡಕಿದಳು. ಮತ್ತೆ ಹಾಕಿದಳು. ಆಮೇಲೆ ಒಳಗೆ ಮುಖ ತೂರಿಸಿ ಕೂಗಿದಳು, "ಹಳೇ ಮಿಸ್!"

ಆ ಕೂಗು ಹಲಗೆಗೆ ಬಡಿದು, ಖಾಲಿ ಕೋಣೆ ಸುತ್ತಿ, ವಾಪಸ್ ಅವಳ ಕಿವಿಗೇ ಬಂತು. ಒಂದು ಮಗು ಅತ್ತಿತು. ಅದನ್ನು ನೋಡಿ ಇನ್ನೊಂದು. ಐದು ನಿಮಿಷದಲ್ಲಿ ಇಪ್ಪತ್ತೆರಡೂ! ಆ ಅಳುವಿಗೆ ಕುಡಿಯುವ ನೀರಿನ ಮಡಕೆ ಬಿರುಕು ಬಿಟ್ಟಿತು ಅಂತ ಆಯಾ ಇವತ್ತಿಗೂ ಆಣೆ ಮಾಡುತ್ತಾಳೆ.

"ಹೊಸ ಮಿಸ್ ಓಡಿಸಿಬಿಟ್ರು" ಅಂದಳು ಚುಕ್ಕಿ. ಜೋರಾಗಿ ಅಲ್ಲ. ಮೆಲ್ಲಗೆ. ಅದಕ್ಕೇ ಹೆಚ್ಚು ನೋವಾಯಿತು.

ಹೆಡ್ ಮಿಸ್ ಓಡಿ ಬಂದರು. ಅವರು ಕೆಟ್ಟವರಲ್ಲ, ಆದರೆ ಕಷ್ಟದ ಮಾತು ಬಂದರೆ ಸುತ್ತಿ ಬಳಸಿ ದಾಟುವ ಪೈಕಿ. "ಮಕ್ಕಳು ಮರೀತಾರೆ ಬಿಡಿ. ಸೋಮವಾರ ಆ ಪೆಟ್ಟಿಗೆಗೆ ಹಲಗೆ ಹೊಡೆಸಿ ಮುಚ್ಚಿಸಿಬಿಡ್ತೀನಿ" ಅಂದರು.

"ಸೋಮವಾರ ಮಧ್ಯಾಹ್ನದವರೆಗೆ ಸಮಯ ಕೊಡಿ ಮೇಡಂ" ಅಂದಳು ಹೊಸ ಮಿಸ್.

ಯಾಕೆ ಕೇಳಿದಳೋ ಅವಳಿಗೇ ತಿಳಿಯಲಿಲ್ಲ. ಕೈಯಲ್ಲಿ ಏನೂ ಉಪಾಯ ಇರಲಿಲ್ಲ. ಎರಡು ದಿನ ಅನ್ನ ಇಳಿಯಲಿಲ್ಲ. 'ನಿಜ ಹೇಳಬೇಕು ಅಂದೆ. ಆದರೆ ನಿಜ ಹೇಳೋ ಧೈರ್ಯ ನನಗಿದೆಯಾ? ಅವನನ್ನೂ ಕಳಕೊಂಡೆ, ಮಕ್ಕಳನ್ನೂ ಕಳಕೊಂಡೆ...'

ಸೋಮವಾರ ಬೆಳಿಗ್ಗೆ, ಯಾರೂ ಬರುವ ಮೊದಲು, ಅವಳು ಪೆಟ್ಟಿಗೆಯ ಮುಂದೆ ನಿಂತಳು. ಕೈ ಹಾಕಿದಳು. ಬೆರಳಿಗೆ ಏನೋ ತಗುಲಿತು.

ನೋಟ್ ಪುಸ್ತಕ!

ಬಡಗಿ ಬಂದು ಇಟ್ಟಿದ್ದ. ಅವಳು ಮಣೆಯ ಮೇಲೆ ಕೂತು ಪುಟ ತಿರುಗಿಸಿದಳು. ದುಂಡು ದುಂಡಾದ ಅಕ್ಷರ. ಸತ್ತವಳ ದನಿ ಆ ಸಾಲುಗಳಿಂದ ಎದ್ದು ಕೋಣೆಯಲ್ಲಿ ಓಡಾಡಿದಂತಾಯಿತು.

'ಉಣ್ಣೆ ಉಂಡೆ. ಅಳುಬುರುಕರಿಗೆ ಮೊದಲು ಕೊಡಬೇಕು.'

'ಚಮಚ. ಮನೆಯದ್ದನ್ನೇ ಇಡಬೇಕು. ಮನೆ ನೆನಪಾದರೆ ಮಾತು ಬರುತ್ತೆ.'

ವಸ್ತು ಇಟ್ಟಾದ ಮೇಲೆ ಅವನು ಪ್ರತಿ ಸಾಲಿಗೂ ಬಡಗಿಯ ಪೆನ್ಸಿಲಿನಿಂದ ಗುರುತು ಹಾಕಿದ್ದ. ಈವರೆಗಿನ ಪುಟಗಳಲ್ಲಿ ಒಂದಕ್ಕೆ ಮಾತ್ರ ಗುರುತಿಲ್ಲ. ಆ ಪುಟವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, ಗೆರೆಯಲ್ಲೇ ಹರಿದು ಹೋಗುವಂತಾಗಿತ್ತು. ಅದರ ಮೇಲೆ ಬರೆದಿತ್ತು:

'ಸೊನ್ನೆ. ಇವತ್ತು ಪೆಟ್ಟಿಗೆ ಖಾಲಿ ಬಿಡಬೇಕು. ಏನೂ ಇಲ್ಲ ಅನ್ನುವುದನ್ನು ಮುಟ್ಟಿ ತಿಳಿಯುವುದು ಎಲ್ಲಕ್ಕಿಂತ ಕಷ್ಟದ ಪಾಠ. ಒಂದು ಕೈ ಪೆಟ್ಟಿಗೆಯಲ್ಲಿದ್ದಾಗ ಇನ್ನೊಂದು ಕೈಯನ್ನು ಟೀಚರ್ ಹಿಡಿದುಕೊಂಡಿರಬೇಕು. ಈ ಪಾಠದವರೆಗೂ ನಾನಿರುವುದಿಲ್ಲ ಅನಿಸುತ್ತದೆ. ನನ್ನ ಜಾಗಕ್ಕೆ ಬರುವವರೇ, ನೀವು ಮಾಡಿ. ನಿಮ್ಮ ಕೈ ಬೆಚ್ಚಗಿರಲಿ.'

ಖಾಲಿ ಕುರ್ಚಿ ಕಿರ್ ಅಂದಿತು. ಈ ಸಲ ಅವಳಿಗೆ ಹೆದರಿಕೆಯಾಗಲಿಲ್ಲ.

'ಶುಕ್ರವಾರ ಪೆಟ್ಟಿಗೆ ಖಾಲಿ ಬಿಟ್ವಿ. ಆದ್ರೆ ಯಾರೂ ಕೈ ಹಿಡಿದಿರಲಿಲ್ಲ... ಅದಕ್ಕೇ ಮಕ್ಕಳು ಬಿದ್ರು.'

"ಆಯ್ತು ಅಕ್ಕಾ" ಅಂದಳು, ಜೋರಾಗಿಯೇ.

ಒಂಬತ್ತಕ್ಕೆ ಮಕ್ಕಳು ಬಂದರು. ಯಾರೂ ಸಾಲು ನಿಲ್ಲಲಿಲ್ಲ. ಅವಳು ನೆಲದ ಮೇಲೆ ಕೂತು ಐದು ಕಡ್ಡಿ ಇಟ್ಟಳು.

"ಎಷ್ಟು?"

"ಐದು" ಅಂದಿತು ಒಂದು ಸಣ್ಣ ದನಿ.

ಒಂದೊಂದೇ ತೆಗೆದಳು. ನಾಲ್ಕು. ಮೂರು. ಎರಡು. ಒಂದು. ಕೊನೆಯದನ್ನೂ ತೆಗೆದಳು.

"ಈಗ?"

"ಏನೂ ಇಲ್ಲ!"

"ಕಡ್ಡಿ ಇತ್ತಾ, ಇರಲಿಲ್ವಾ?"

"ಇತ್ತು!"

"ಈಗ ಇದೆಯಾ?"

"ಇಲ್ಲ."

"ಇದಕ್ಕೆ ಸೊನ್ನೆ ಅಂತಾರೆ. ಇದ್ದದ್ದು ಸುಳ್ಳಲ್ಲ. ಈಗ ಇಲ್ಲ ಅನ್ನೋದೂ ಸುಳ್ಳಲ್ಲ." ಅವಳು ಉಸಿರು ಎಳೆದುಕೊಂಡಳು. "ಮಕ್ಕಳೇ... ಹಳೇ ಮಿಸ್ಸಿಗೆ ತುಂಬಾ ಕಾಯಿಲೆ ಆಗಿತ್ತು. ಅವರು ಸತ್ತು ಹೋದ್ರು. ಪೆಟ್ಟಿಗೆ ಒಳಗೆ ಅವರಿಲ್ಲ. ನಾಳೆನೂ ಬರಲ್ಲ. ಅವರನ್ನ ನಾನು ಓಡಿಸಲಿಲ್ಲ. ಯಾರೂ ಓಡಿಸಲಿಲ್ಲ. ನಿಮ್ಮದೂ ಏನೂ ತಪ್ಪಿಲ್ಲ."

ಮಕ್ಕಳು ಕಡ್ಡಿ ಇದ್ದ ಜಾಗವನ್ನೇ ನೋಡಿದರು. ಹಲಗೆಯ ಆಚೆ ಏನೋ ಸಣ್ಣಗೆ ಕದಲಿತು. ಅವಳಿಗೆ ಮಾತ್ರ ಕೇಳಿಸಿತು.

"ಬನ್ನಿ. ಒಬ್ಬೊಬ್ಬರೇ ಮುಟ್ಟಿ ನೋಡಿ. ನಾನು ಇನ್ನೊಂದು ಕೈ ಹಿಡ್ಕೋತೀನಿ."

ಅವರು ಬಂದರು. ಒಂದು ಕೈ ಕತ್ತಲಿಗೆ, ಒಂದು ಕೈ ಅವಳಿಗೆ. ಕೆಲವರು ಅತ್ತರು. ಒಬ್ಬ "ಸೊನ್ನೆ" ಅಂತ ಗಂಭೀರವಾಗಿ ಹೇಳಿ ಹೋದ. ಹಲ್ಲಿಲ್ಲದ ಒಬ್ಬಳು ಪೆಟ್ಟಿಗೆಗೆ ಮುತ್ತು ಕೊಟ್ಟಳು.

ಕೊನೆಗೆ ಚುಕ್ಕಿ. ಬಹಳ ಹೊತ್ತು ತಡಕಿದಳು. ಕೈ ಹೊರಗೆ ತೆಗೆದು, ಖಾಲಿ ಅಂಗೈಯನ್ನೇ ನೋಡಿದಳು.

"ಹಾಗಾದ್ರೆ ನನ್ನ ಕೈ ಹಿಡಿದಿದ್ದು ಯಾರು?"

"ಹಳೇ ಮಿಸ್ಸಿನ ತಮ್ಮ. ಬಡಗಿ ಮಾಮ."

"ಯಾಕೆ?"

"ಅವರಿಗೂ ಹಳೇ ಮಿಸ್ ಬೇಕಾಗಿತ್ತು. ಅವರೂ ಪೆಟ್ಟಿಗೇಲಿ ಹುಡುಕ್ತಿದ್ರು, ನಿನ್ನ ಥರಾನೇ."

"ದೊಡ್ಡೋರು ಕೂಡಾನಾ?"

"ಹೂಂ."

ಚುಕ್ಕಿ ಯೋಚಿಸಿದಳು. ಆಮೇಲೆ ಹೊಸ ಮಿಸ್ಸಿನ ಕತ್ತಿಗೆ ಜೋತುಬಿದ್ದು, ಹಳೇ ಮಿಸ್ಸಿಗೆ ಸಲ್ಲಬೇಕಾಗಿದ್ದ ಅಳುವನ್ನೆಲ್ಲ ಅವಳ ಭುಜದ ಮೇಲೆ ಸುರಿದಳು. ಸುರಿದು ಮುಗಿದ ಮೇಲೆ ಮೂಗೆಳೆದು ಹೇಳಿದಳು:

"ಪಾಪ. ಬಡಗಿ ಮಾಮನಿಗೂ ಸೊನ್ನೆ ಹೇಳ್ಕೊಡಿ ಮಿಸ್."

ಮಿಸ್! 'ಹೊಸ' ಅನ್ನುವುದು ಎಲ್ಲೋ ಬಿದ್ದುಹೋಗಿತ್ತು.

ಮಧ್ಯಾಹ್ನ ಹೆಡ್ ಮಿಸ್ ಬಾಗಿಲಲ್ಲಿ ಬಂದು ನಿಂತರು. ಮಕ್ಕಳು ಸಾಲಾಗಿ ಕೂತು ಜೇಡಿಮಣ್ಣಿನಲ್ಲಿ ಸೊನ್ನೆ ಮಾಡುತ್ತಿದ್ದರು. ಚುಕ್ಕಿ ಸ್ಲೇಟಿನಲ್ಲಿ 'ಳ' ಬರೆಯುತ್ತಿದ್ದಳು, ಸರಿಯಾಗಿ. ಹೆಡ್ ಮಿಸ್ ಕನ್ನಡಕ ತೆಗೆದು ಒರೆಸಿಕೊಂಡರು. "ಹಲಗೆ ಬೇಡ ಬಿಡಿ" ಅಂದು ಹೋದರು.

ನಾಲ್ಕು ಗಂಟೆಗೆ ಶಾಲೆ ಬಿಟ್ಟಿತು. ಅಂಗಳದ ಗಲಾಟೆ ಬೀದಿಗೆ ಇಳಿದು, ತಿರುವಿನಲ್ಲಿ ಕರಗಿತು. ಅವಳು ಪೆಟ್ಟಿಗೆಯ ಮುಂದೆ ಮಣೆ ಎಳೆದುಕೊಂಡು ಕೂತಳು.

"ಇದೀರಲ್ವಾ?" ಅಂದಳು ಹಲಗೆಗೆ.

ಆಚೆಯಿಂದ ಒಂದು ಉಸಿರು. "ಬೆಳಿಗ್ಗೆಯಿಂದ ಇದೀನಿ."

"ಎಲ್ಲಾ ಕೇಳಿಸ್ತಾ?"

"ಕೇಳಿಸ್ತು. ಅಕ್ಕನ ಗುರುತು ಅಳಿಸ್ತೀರಿ ಅಂದೆ. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ನೀವು ಅವಳ ಪಾಠ ಮುಗಿಸಿದ್ರಿ. ಆ ಪುಟ ನಾನು ಮೂರು ಸಲ ಹಾರಿಸಿದ್ದೆ. ಪೆಟ್ಟಿಗೆ ಖಾಲಿ ಬಿಡೋಕೆ ನನ್ನ ಕೈಲಿ ಆಗಲೇ ಇಲ್ಲ."

"ನಾನೂ ಜೋರು ಮಾಡಿದೆ. ನಿಮ್ಮ ಕೈ ಹಿಡಿಯೋರು ಯಾರಿದಾರೆ ಅಂತ ಯೋಚಿಸಲೇ ಇಲ್ಲ. ಈಗ ಈ ಕಡೆ ಬನ್ನಿ."

ಹಿಂದಿನ ಬೀದಿ ಸುತ್ತಿ ಅವನು ತರಗತಿಗೆ ಬಂದ. ಮಕ್ಕಳ ಬೆಂಚುಗಳ ನಡುವೆ ಅಷ್ಟೆತ್ತರದ ಮನುಷ್ಯ, ಹೋಮ್‌ವರ್ಕ್ ಮಾಡದವನ ಹಾಗೆ ನಿಂತ.

"ಕೈ ಹಾಕಿ."

"ಬೇಡ ಮಿಸ್..."

"ಹಾಕಿ. ಇನ್ನೊಂದು ಕೈ ಇಲ್ಲಿ ಕೊಡಿ."

ಅವನು ಮಂಡಿಯೂರಿದ. ತಾನೇ ಕೊರೆದು, ತಾನೇ ಉಜ್ಜಿ ನುಣುಪು ಮಾಡಿದ ಆ ಕತ್ತಲಿನೊಳಗೆ ಬಲಗೈ ಇಳಿಸಿದ. ಎಡಗೈ ಅವಳ ಎರಡು ಅಂಗೈಗಳ ನಡುವೆ.

"ಏನಿದೆ?"

"ಏನೂ... ಇಲ್ಲ."

"ಯಾರಿದಾರೆ?"

"ಅಕ್ಕ ಇಲ್ಲ." ಇಷ್ಟು ತಿಂಗಳು ತಡೆದಿದ್ದೆಲ್ಲ ಆ ಎರಡು ಮಾತಿನಲ್ಲಿ ಕಟ್ಟೆಯೊಡೆಯಿತು. "ಅಕ್ಕ ಇಲ್ಲ ಮಿಸ್... ಅಕ್ಕ ಇಲ್ಲ..."

ಅವಳು ಕೈ ಬಿಡಲಿಲ್ಲ. ಕಿಟಕಿಯ ಬಳಿ ಎರಡು ವರ್ಷ ಕೂತಿದ್ದ ಆರು ವರ್ಷದ ಹುಡುಗಿ ಕೂಡ ಅವಳೊಳಗಿಂದ ಎದ್ದು ಬಂದು ಅವನ ಪಕ್ಕ ಕೂತು ಅತ್ತಳು. ಬಿಸಿಲು ಬೆಂಚಿನಿಂದ ಬೆಂಚಿಗೆ ಸರಿಯಿತು.

ಅಳು ನಿಂತ ಮೇಲೆ ಇಬ್ಬರಿಗೂ ನಾಚಿಕೆಯಾಯಿತು. ಅವನು ತೋಳಿನಿಂದ ಮುಖ ಒರೆಸಿಕೊಂಡ. ಮುಖದ ತುಂಬ ಮರದ ಹೊಟ್ಟು ಮೆತ್ತಿತು. ಅವಳು ನಕ್ಕಳು.

"ಒಂದು ಕೇಳಲಾ?" ಅಂದಳು. "ಮೊದಲ ದಿನ ಎಷ್ಟು ಧೈರ್ಯ ನಿಮಗೆ! ಗುರುತಿಲ್ಲ, ಪರಿಚಯ ಇಲ್ಲ, ಎರಡು ಸಲ ಒತ್ತಿಬಿಟ್ರಿ. ನಿಮಗೆ ಏನು ಗೊತ್ತಾಗಿತ್ತು?"

ಅವನು ಕಣ್ಣು ಪಿಳಿಪಿಳಿ ಬಿಟ್ಟ.

"ನಾನಾ? ನೀವಲ್ವಾ ಒತ್ತಿದ್ದು?"

"ನಾನ್ಯಾಕೆ ಒತ್ತಲಿ?"

"ಯಾರೋ ನನ್ನ ಕೈ ಹಿಡ್ಕೊಂಡು ಎರಡು ಸಲ ಒತ್ತಿದ್ರು. ನನಗೆ ಜೀವ ಬಾಯಿಗೆ ಬಂತು. ಆಮೇಲೆ ನೋಡಿದ್ರೆ ನೀವು! ಈ ಹುಡುಗಿಗೆ ನನ್ನ ಸಂಕಟ ಮುಟ್ಟಿದ ಕೂಡಲೇ ಗೊತ್ತಾಗಿದೆ ಅಂದ್ಕೊಂಡೆ. ಅವತ್ತಿಂದಲೇ ನಾನು... ಆ ಬೆಂಚುಗಳನ್ನ ನಾನೇ ಮುರೀತಿದ್ದೆ ಮಿಸ್, ನಿಮ್ಮನ್ನ ನೋಡೋಕೆ ಬರಬೇಕಲ್ಲ."

"ನನ್ನ ಕೈ ಹಿಡಿದ ಬೆರಳು ತಣ್ಣಗಿತ್ತು" ಅಂದಳು ಅವಳು, ಮೆಲ್ಲಗೆ.

"ನನ್ನ ಕೈ ಹಿಡಿದಿದ್ದೂ ತಣ್ಣಗೇ ಇತ್ತು."

ಇಬ್ಬರೂ ಪೆಟ್ಟಿಗೆಯ ಕಡೆ ತಿರುಗಿದರು. ಕಪ್ಪು ಬಟ್ಟೆಯ ತೋಳು ಗಾಳಿಯಿಲ್ಲದೆ ಒಂದಿಷ್ಟು ಆಡಿತು. ಆಮೇಲೆ ನಿಂತಿತು. ಆ ಕೋಣೆಯಲ್ಲಿ ಕುರ್ಚಿ ಮತ್ತೆ ಯಾವತ್ತೂ ಕಿರ್ ಅನ್ನಲಿಲ್ಲ.

"ಅಕ್ಕ ಯಾವತ್ತೂ ಹೀಗೇ" ಅಂದ ಅವನು, ಕಣ್ಣು ತುಂಬಿಕೊಂಡು, ನಗುತ್ತ. "ಎಲ್ಲರಿಗಿಂತ ಮೊದಲು ಅವಳಿಗೇ ಗೊತ್ತಾಗೋದು."

ಅವಳು ಎದ್ದು ಸಾಮಾನಿನ ಕೋಣೆಯ ಬೀಗ ತೆಗೆದು ಆಚೆ ಹೋದಳು. ಕನ್ನಡಕ ಹುಡುಕುತ್ತಿದ್ದ ಆಯಾ ಏನೂ ಕೇಳದೆ ಕೀಲಿ ಕೊಟ್ಟಳು. ಹಲಗೆಯ ಆಚೆಯಿಂದ ಅವಳ ದನಿ ಬಂತು.

"ಕೈ ಹಾಕಿ."

ಅವನು ಹಾಕಿದ. ಕತ್ತಲಲ್ಲಿ ಅವಳ ಬೆರಳು ಸಿಕ್ಕಿತು. ಬೆಚ್ಚಗಿತ್ತು.

"ಏನಿದೆ, ಮುಟ್ಟಿ ಹೇಳಿ" ಅಂದಳು.

ಅವನು ಬಾಯಿ ಬಿಡಲಿಲ್ಲ. ಒಂದು ಸಲ ಒತ್ತಿದ. ಇನ್ನೊಂದು ಸಲ ಒತ್ತಿದ.

"ಗೊತ್ತಾಯ್ತಾ?"

"ಗೊತ್ತಾಯ್ತು. ನಿಮಗೆ?"

ಆಮೇಲೆ ಅವನ ಒರಟು ಅಂಗೈಯ ಮೇಲೆ, ಮೆಲ್ಲಗೆ, ಎರಡು ಸಲ...